ಎರವಲು ಹೋಗಿ ಮೇವಾದೆ

ನಾನು ಒಂದು ತೆಳ್ಳಗಿನ ಪುಸ್ತಕ. ನನ್ನ ಹೆಸರು ‘ಮಗ್ಗದ ಮನೆಯ ಹಾಡುಗಳು’. ಆದರೆ ನನ್ನ ಬೆನ್ನ ಮೇಲೆ ಚಿನ್ನದ ಬಣ್ಣದಲ್ಲಿ ‘ಮೇವಿನ ಬೆಳೆಗಳು’ ಎಂದು ಬರೆದಿದೆ. ಅದು ಹೇಗಾಯಿತೆಂದು ಹೇಳುತ್ತೇನೆ. ಗೋಡೆಯಾಚೆ ‘ನಿಶ್ಶಬ್ದ’ ಎಂಬ ಬೋರ್ಡಿದೆ ನಿಜ, ಅದನ್ನು ಇಲ್ಲಿ ಪಾಲಿಸುತ್ತಿರುವುದು ಪುಸ್ತಕಗಳು ಮಾತ್ರ.

ಗದಗದ ಕಡೆಯ ಒಂದು ನೇಕಾರರ ಊರಿನಲ್ಲಿ, ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ನಾನು ಹುಟ್ಟಿದೆ. ನನ್ನನ್ನು ಸಿದ್ಧಮಾಡಿದವರು ಗುರುಪಾದಪ್ಪ ಮಾಸ್ತರರು. ಹೆಣ್ಣುಮಕ್ಕಳು ನೂಲು ಸುತ್ತುತ್ತ ಹೇಳುತ್ತಿದ್ದ ಹಾಡುಗಳನ್ನು ಅವರು ಮನೆಮನೆಗೆ ಹೋಗಿ ಬರೆದುಕೊಂಡಿದ್ದರು. “ಮಾಸ್ತರ, ನಿಮ್ಮ ಮುಂದ ಹಾಡ್ಕೋತ ಕುಂತ್ರ ಸಂಜಿಗೆ ರೊಟ್ಟಿ ಯಾರು ಬಡೀತಾರ್ರಿ? ನೀವ ಬಂದು ಬಡದು ಕೊಡ್ತೀರೇನು?” ಎಂದು ಅವರು ಛೇಡಿಸುತ್ತಿದ್ದರಂತೆ. ಮಾಸ್ತರರು ಆ ಮಾತನ್ನೂ ಇದ್ದ ಹಾಗೆಯೇ ಮುನ್ನುಡಿಗೆ ಇಳಿಸಿದ್ದಾರೆ. ಕಂಡವರ ದನಿ ಅಣಕಿಸುವ ಚಾಳಿ ನನಗೆ ಹುಟ್ಟಿನಿಂದಲೇ ಬಂದದ್ದು.

ನನ್ನ ಒಡಹುಟ್ಟಿದ ಪ್ರತಿಗಳೆಲ್ಲ ಮಾಸ್ತರರ ಅಟ್ಟ ಸೇರಿದವು. ಗೆದ್ದಲುಗಳು ಅವನ್ನು ಮುನ್ನುಡಿಯಿಂದ ಬೆನ್ನುಡಿಯವರೆಗೆ ಒಂದಕ್ಷರ ಬಿಡದೆ ಮುಗಿಸಿದವು. ಅಂಥ ಶ್ರದ್ಧೆಯ ಓದುಗರು ನನಗೆ ಸಿಗಲಿಲ್ಲ. ನಾನೊಂದು ಮಾತ್ರ ಆ ಸೀಮೆಯ ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿ ಉಳಿದುಕೊಂಡೆ. ಅಲ್ಲಿ ಎಷ್ಟೋ ವರ್ಷ ಕಪಾಟಿನಲ್ಲಿ ನಿಂತೆ. ಪಕ್ಕದ ದಪ್ಪ ನಿಘಂಟು ನನ್ನ ಮೇಲೆ ಒರಗಿ ನಿದ್ದೆ ಮಾಡುತ್ತಿತ್ತು. ಅದಕ್ಕೆ ಎಲ್ಲ ಪದಗಳೂ ಗೊತ್ತಿದ್ದವು, ‘ಸರಿ’ ಎಂಬುದೊಂದನ್ನು ಬಿಟ್ಟು.

ಒಂದು ದಿನ ಮೈಸೂರು ಸೀಮೆಯ ಇನ್ನೊಂದು ವಿಶ್ವವಿದ್ಯಾಲಯದಿಂದ ನನಗೆ ಕರೆ ಬಂತು. ಒಂದು ಗ್ರಂಥಾಲಯದಲ್ಲಿ ಇಲ್ಲದ ಪುಸ್ತಕವನ್ನು ಇನ್ನೊಂದರಿಂದ ಎರವಲು ತರಿಸಿ ಓದುವ ಪದ್ಧತಿಯೊಂದಿದೆಯಂತೆ. ಗ್ರಂಥಪಾಲಕ ಚನವೀರಪ್ಪನವರು ನನ್ನ ಧೂಳು ಕೊಡವಿ, ಎರಡು ರಟ್ಟುಗಳ ನಡುವೆ ಇಟ್ಟು ದಾರ ಸುತ್ತಿದರು. “ಹೋಗಿ ಬಾರಪಾ. ಆ ಕಡೆ ಮಂದಿ ಭಾಳ ಮೆತ್ತಗ ಮಾತಾಡ್ತಾರ. ಮಾತಿಗೆ ಮರುಳಾಗಿ ಅಲ್ಲೇ ಕುಂತಗಿಂತೀ!” ಎಂದರು. ಯಾರೋ ನನಗಾಗಿ ಕಾಯುತ್ತಿದ್ದಾರೆಂಬ ಹೆಮ್ಮೆಯಲ್ಲಿ ಅಂಚೆಚೀಲದೊಳಗೂ ನನಗೆ ಉಸಿರುಗಟ್ಟಲಿಲ್ಲ.

ಕಾಯುತ್ತಿದ್ದವಳು ನಂಜಮಣಿ. ಕೊಳ್ಳೇಗಾಲದ ನೇಕಾರರ ಹುಡುಗಿ, ಪಿಎಚ್.ಡಿ. ಮಾಡುತ್ತಿದ್ದಳು. ಎರವಲು ವಿಭಾಗದ ಪುಟ್ಟಮಾದಯ್ಯನವರು ನನ್ನನ್ನು ಅವಳ ಕೈಗೆ ಕೊಡುತ್ತ, “ಬಂತು ಕಣಮ್ಮ ನಿನ್ ಪುಸ್ಕ. ಆಚೆಗ್ ತಕಂಡೋಗಂಗಿಲ್ಲ. ಇಲ್ಲೇ ಕೂತ್ಕಂಡ್ ಓದು, ಸಂಜೆಗೆ ನನ್ ಡ್ರಾಯರ್‌ಗೆ ವಾಪಸ್ ಕೊಡು. ಜೆರಾಕ್ಸೂ ಇಲ್ಲ, ಬೆನ್ ಮುರ್ದೋಯ್ತದೆ. ಪುಸ್ಕದ್ದು ಕಣಮ್ಮ, ನಿಂದಲ್ಲ” ಎಂದರು. ಎರವಲು ಪುಸ್ತಕಕ್ಕೆ ಅದೇ ನಿಯಮ.

ಅವಳು ದಿನವೂ ಬಂದು ನನ್ನನ್ನು ಪ್ರತಿ ಮಾಡಿಕೊಳ್ಳತೊಡಗಿದಳು. ಬರೆಯುತ್ತ ತುಟಿಯಲ್ಲೇ ಹಾಡುತ್ತಿದ್ದಳು. ಒಂದು ಹಾಡಿನ ಹತ್ತಿರ ಪೆನ್ನು ನಿಂತಿತು:

ಹಾಸು ಹೊಕ್ಕಿನ ನಡುವೆ ಹಾದಿ ಯಾವುದೆ ತಂಗಿ
ಲಾಳಿ ಬಲ್ಲದು ಹೇಳಲೊಲ್ಲದು

“ಸಾರ್, ಇದ್ನ ನಮ್ಮಜ್ಜಿ ಹಾಡೋರು! ಎಲ್ಲಿಯ ಗದಗು, ಎಲ್ಲಿಯ ಕೊಳ್ಳೇಗಾಲ!” ಎಂದು ಅವಳು ಓಡಿಬಂದು ಪುಟ್ಟಮಾದಯ್ಯನವರಿಗೆ ತೋರಿಸಿದಳು. ಅವರು ಕನ್ನಡಕ ಏರಿಸಿ ನನ್ನ ಕಡೆ ನೋಡದೆ, “ನಿಮ್ಮಜ್ಜಿಗೂ ಎರವಲ್ ಕಳ್ಸಿದ್ರೇನೋ” ಎಂದರು. ಇಬ್ಬರೂ ನಕ್ಕರು. ಅವಳ ಪ್ರಬಂಧದ ಮುಖ್ಯ ವಾದವೇ ಅದು: ಎರಡು ಸೀಮೆಯ ಮಗ್ಗಗಳ ನಡುವೆ ಹಾಡುಗಳು ಓಡಾಡಿವೆ ಎಂಬುದು. ಅದಕ್ಕೆ ಆಧಾರ ನಾನೊಬ್ಬನೇ. ನನ್ನ ಇಡೀ ಆಯುಷ್ಯದಲ್ಲಿ ನಾನು ಪುಸ್ತಕವಾಗಿದ್ದದ್ದು ಆ ಕೆಲವು ದಿನ.

ಅರ್ಧ ಮುಗಿದಿತ್ತು. ಅವಳು ಗೌರಿ ಹಬ್ಬಕ್ಕೆ ಊರಿಗೆ ಹೋದಳು. ಅದೇ ಸಮಯಕ್ಕೆ ಬೈಂಡಿಂಗಿನ ಖಾದರ್ ಸಾಬರು ಗಾಡಿ ತಂದರು. ತೆಳ್ಳಗಿನ ಪುಸ್ತಕಗಳು ಕಳೆದುಹೋಗುತ್ತವೆಂದು ಮೂರು ಮೂರನ್ನು ಸೇರಿಸಿ ಒಂದೇ ರಟ್ಟು ಹಾಕಿಸುವುದು ಆ ಗ್ರಂಥಾಲಯದ ರೂಢಿ. ಪುಟ್ಟಮಾದಯ್ಯನವರು ಆ ಹೊತ್ತು ಡ್ರಾಯರಿನಲ್ಲಿ ಏನೋ ಹುಡುಕಲು ನನ್ನನ್ನು ತೆಗೆದು ಮೇಜಿನ ಮೇಲೆ, ತೆಳ್ಳಗಿನವುಗಳ ರಾಶಿಯ ನೆತ್ತಿಗೆ ಇಟ್ಟಿದ್ದರು.

“ಎಲ್ಲ ತಗೊಂಡ್ ಹೋಗ್ಲಾ ಸಾಮಿ?”

“ತಕಂಡೋಗಿ ಸಾಬ್ರೆ. ಇಟ್ಕಂಡು ಪೂಜೆ ಮಾಡ್ಲಾ?”

ಹೀಗೆ ನಾನು ಕಳೆದುಹೋಗದಂತೆ ನನ್ನನ್ನು ಕಳೆದರು. ನನ್ನ ಹಳೆಯ ರಟ್ಟು ಹೋಯಿತು, ಅದರ ಮೇಲಿದ್ದ ನನ್ನ ಗ್ರಂಥಾಲಯದ ಚೀಟಿ ಹೋಯಿತು. ಗಾಡಿಯಲ್ಲಿ ರಾಶಿ ಕಲಸಿಹೋಗಿ ನನ್ನ ಮುಂದೆ ‘ಮೇವಿನ ಬೆಳೆಗಳು’, ಹಿಂದೆ ‘ಪುರಸಭೆಯ ಕಂದಾಯ ನಿಯಮಗಳು’. ನಡುವೆ ನಾನು. ದಬ್ಬಳ ಮೂವರನ್ನೂ ಒಟ್ಟಿಗೆ ಚುಚ್ಚಿತು. ಮೂರರಲ್ಲಿ ಮುಂದಿರುವುದರ ಹೆಸರನ್ನೇ ಬೆನ್ನಿಗೆ ಒತ್ತುವುದು ರೂಢಿಯಾದ್ದರಿಂದ ನಾನು ಮೇವಾದೆ. ತಿರುಗಿ ಬಂದಾಗ ಪುಟ್ಟಮಾದಯ್ಯನವರು ಬೆನ್ನು ನೋಡಿ ನನ್ನನ್ನು ಕೃಷಿ ಕಪಾಟಿಗೆ ಕಳಿಸಿದರು. ಒಳಗೆ ತೆರೆದು ನೋಡಲು ಅವರಿಗೆ ಕಾರಣವಿರಲಿಲ್ಲ. ಗ್ರಂಥಾಲಯದಲ್ಲಿ ಕೆಲಸ ಮಾಡುವವರು ಪುಸ್ತಕ ತೆರೆಯುತ್ತಾ ಕೂತರೆ ಕೆಲಸ ಮಾಡುವವರು ಯಾರು?

ನಂಜಮಣಿ ಹಬ್ಬ ಮುಗಿಸಿ, ಕಜ್ಜಾಯದ ಡಬ್ಬಿ ಹಿಡಿದು ಬಂದಳು. ಪುಟ್ಟಮಾದಯ್ಯನವರು ಕಜ್ಜಾಯ ತಿಂದರು, ಆಮೇಲೆ ಡ್ರಾಯರ್ ಎಳೆದರು. ನಾನಿರಲಿಲ್ಲ.

“ನೀನೇ ಅಲ್ವಾ ಕಡೇಲಿ ಓದಿದ್ದು?”

“ನಿಮ್ ಕೈಗೇ ಕೊಟ್ಟು ಹೋದ್ನಲ್ಲ ಸಾರ್.”

“ಕೊಟ್ಟಿದ್ರೆ ಇರ್ಬೇಕಾಯ್ತಲ್ಲಮ್ಮ.”

ಆ ಮಾತಿನಲ್ಲಿ ಮೋಸವಿರಲಿಲ್ಲ. ತಾನು ಕಳೆದಿರಲಾರೆ ಎಂದು ಅವರು ನಿಜವಾಗಿ ನಂಬಿದ್ದರು. ಅವಳು ಕನ್ನಡದ ಕಪಾಟುಗಳನ್ನೆಲ್ಲ ಜಾಲಾಡಿದಳು. ದಣಿದು ಒಮ್ಮೆ ಕೃಷಿ ಕಪಾಟಿಗೆ ಒರಗಿ ನಿಂತಳು. ಅವಳ ಭುಜ ನನ್ನ ಬೆನ್ನಿಗೆ ತಾಗಿತು. ಅವಳು ತಿರುಗಿ ನನ್ನ ಹೆಸರು ಓದಿದಳು, ಮೇವು ಎಂದು ಕಂಡು ಮುಂದೆ ಹೋದಳು. ಎಷ್ಟೊಂದು ದನಿಗಳನ್ನು ಅಣಕಿಸಬಲ್ಲೆ. ಆ ಗಳಿಗೆಯಲ್ಲಿ ನನ್ನ ಸ್ವಂತದ್ದೊಂದು ಹೊರಡಲಿಲ್ಲ.

ಪ್ರಬಂಧ ಸಲ್ಲಿಸಬೇಕಾದರೆ ಗ್ರಂಥಾಲಯದಿಂದ ಬಾಕಿ ಏನೂ ಇಲ್ಲವೆಂಬ ‘ನೋ ಡ್ಯೂ’ ಪತ್ರ ಬೇಕು. ನಾನು ಅವಳ ಹೆಸರಿನಲ್ಲಿ ತರಿಸಿದ ಪುಸ್ತಕ. ಮರಳಿ ಕೊಡಬೇಕು, ಇಲ್ಲವೇ ಇನ್ನೊಂದು ಪ್ರತಿ ತರಬೇಕು. ಅವಳು ಬಸ್ಸು ಹತ್ತಿ ಗುರುಪಾದಪ್ಪ ಮಾಸ್ತರರ ಮನೆಗೇ ಹೋದಳಂತೆ. ಮಾಸ್ತರರು ತೀರಿಕೊಂಡಿದ್ದರು. ಸೊಸೆ ಅಟ್ಟ ತೋರಿಸಿ, “ಮಣ್ಣಾಗ್ಯಾವ ನೋಡವಾ” ಎಂದಳಂತೆ. ಬಂದು ತನ್ನ ಗೈಡ್ ಸಾಹೇಬರ ಕಾಲು ಹಿಡಿದಳು. “ಲೈಬ್ರರಿ ವಿಷಯಕ್ಕೆ ನಾನು ತಲೆ ಹಾಕೋದಿಲ್ಲಮ್ಮ” ಎಂದರು ಅವರು. ನಿಜ. ಲೈಬ್ರರಿಗೆ ಅವರು ಕಾಲನ್ನೇ ಹಾಕಿದವರಲ್ಲ, ತಲೆ ಎಲ್ಲಿಂದ ಹಾಕಬೇಕು?

ಗಡುವು ಮುಗಿಯಿತು. ನಂಜಮಣಿ ಬರುವುದು ನಿಂತಿತು. ಚನವೀರಪ್ಪನವರ ಉತ್ತರದ ಗ್ರಂಥಾಲಯ ಕೆಲ ಕಾಲ ನನಗಾಗಿ ಕಾಗದ ಬರೆದು, ಕೊನೆಗೆ ನನ್ನನ್ನು ಸತ್ತವರ ಲೆಕ್ಕಕ್ಕೆ ಸೇರಿಸಿತು.

ವರ್ಷಗಳು ಕಳೆದವು. ಕೃಷಿ ಕಪಾಟು ಪುಟ್ಟಮಾದಯ್ಯನವರ ಮೇಜಿನ ಹಿಂದೆಯೇ ಇತ್ತು. ಈಚೆಗೆ ಒಂದು ಮಧ್ಯಾಹ್ನ ಅವರು ಪಕ್ಕದ ಮೇಜಿನವರಿಗೆ ಹೇಳುತ್ತಿದ್ದರು: “ನಂಜಮಣಿ ಸಿಕ್ಕಿದ್ಲು ಕಣಯ್ಯ, ಸೀರೆ ಅಂಗ್ಡೀಲವಳೆ. ನನ್ ಮಗಳ್ ಮದ್ವೆ ಸೀರೆಯ ಅವಳೇ ಬಿಚ್ಚಿ ಬಿಚ್ಚಿ ತೋರಿಸ್ದ್ಲು. ಕೂತ್ಕಳಿ ಸಾರ್ ಅಂತ ಕಾಪಿ ತರಿಸ್ದ್ಲು. ನಿಂತೋಗಿರೋ ಥೀಸಿಸ್‌ಗೆಲ್ಲ ಈ ಸಾರಿ ಕಡೇ ಅವಕಾಶ ಕೊಟ್ಟವರಂತಲ್ಲ, ಬರ್ದಿರೋದ್ನೆಲ್ಲ ಟ್ರಂಕ್‌ನಲ್ಲಿ ಹಂಗೇ ಮಡಗವಳಂತೆ. ಪುಸ್ಕ ಏನಾದ್ರೂ ಸಿಕ್ತಾ ಸಾರ್ ಅಂದ್ಲು. ಎಲ್ ಸಿಕ್ಕಾದು ಅಂದೆ. ಪಾಪ.”

ಅದಾದ ವಾರದೊಳಗೆ ಒಬ್ಬ ಕೃಷಿ ವಿದ್ಯಾರ್ಥಿ ನನ್ನನ್ನು ಎಳೆದ. ಹುಲ್ಲು ಹುಡುಕುತ್ತ ಪುಟ ಮಗುಚಿದವನು ನಕ್ಕುಬಿಟ್ಟ. “ಸಾರ್, ಮೇವಿನ ಮಧ್ಯ ಹಾಡು ಬಂದದೆ! ಹಸುಗೆ ಹಾಡ್ ಹೇಳಿ ಮೇಯಿಸ್ಬೇಕಾ?”

ಪುಟ್ಟಮಾದಯ್ಯನವರು ನನ್ನನ್ನು ಇಸಿದುಕೊಂಡರು. ನನ್ನ ಮೊದಲ ಪುಟ ಕಂಡಿತು. ಹೆಸರು ಕಂಡಿತು, ಹೆಸರಿನ ಕೆಳಗೆ ಉತ್ತರದ ಗ್ರಂಥಾಲಯದ ಮುದ್ರೆಯೂ ಕಂಡಿತು. ಅವರು ಜೇಬಿನಿಂದ ಫೋನು ತೆಗೆದರು. ನನ್ನ ಎಲ್ಲ ಹಾಳೆಗಳೂ ಕಿವಿಯಾದವು. ಬಹಳ ಹೊತ್ತು ಫೋನನ್ನೇ ನೋಡಿದರು. ಆಮೇಲೆ ಅದನ್ನು ಜೇಬಿಗೆ ಹಾಕಿಕೊಂಡರು.

“ಬೈಂಡ್ರು ತಪ್ಪು ಕಣಪ್ಪ” ಎಂದರು ಹುಡುಗನಿಗೆ. “ಮೇವು ಬೇರೆ ಪುಸ್ಕದಲ್ಲೂ ಅದೆ, ಅದ್ನ ತಕೋ ಹೋಗು.”

ಅವನು ಹೋದ ಮೇಲೆ ನನ್ನನ್ನು ಎತ್ತಿಕೊಂಡು, ಹರಿದ ಪುಸ್ತಕಗಳನ್ನು ಕೂಡಿಹಾಕುವ ಹಿಂದಿನ ಕೋಣೆಗೆ ಬಂದರು. ಏಣಿ ಹಾಕಿಕೊಂಡು ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ, ಬೆನ್ನು ಗೋಡೆಗೆ ಮಾಡಿ ನನ್ನನ್ನು ಒಳಕ್ಕೆ ತಳ್ಳಿದರು. “ಬರೋ ತಿಂಗ್ಳು ರಿಟೈರ್ ಆಗ್ತೀನಿ” ಎಂದರು, ನನಗೋ ಗೋಡೆಗೋ ತಿಳಿಯದು. “ನಂಗೂ ನೋ ಡ್ಯೂ ಬೇಕಲ್ಲಪ್ಪ.”

ಬೀಗ ಬಿತ್ತು. ಕಡೇ ಅವಕಾಶದ ತಾರೀಖು ಇಲ್ಲೇ, ಈ ಕತ್ತಲೆಯಲ್ಲೇ ದಾಟಿಹೋಯಿತು. ಪುಟ್ಟಮಾದಯ್ಯನವರಿಗೆ ಹಾರ ಹಾಕಿ ಚಪ್ಪಾಳೆ ತಟ್ಟಿದ್ದು ಗೋಡೆಯಾಚೆಯಿಂದ ಕೇಳಿಸಿತು. ಅವರ ಪ್ರಾಮಾಣಿಕತೆಯನ್ನು ಯಾರೋ ಮೈಕಿನಲ್ಲಿ ಹೊಗಳುತ್ತಿದ್ದರು.

ಮನುಷ್ಯರಲ್ಲಿ ನನ್ನನ್ನು ಓದಿದವರು ಇಬ್ಬರು. ನಂಜಮಣಿ ಅರ್ಧ ಓದಿದಳು, ಇನ್ನರ್ಧಕ್ಕೆ ಹಂಬಲಿಸಿದಳು. ಪುಟ್ಟಮಾದಯ್ಯನವರು ಓದಿದ್ದು ಒಂದೇ ಒಂದು ಪುಟ. ಅಷ್ಟಕ್ಕೇ ಅವರಿಗೆ ನಾನು ಪೂರ್ತಿ ಅರ್ಥವಾಗಿಬಿಟ್ಟೆ.