ಸಣ್ಣ ಹೊಟ್ಟೆಯ ಚಂದ್ರಿ

ಬೇಮಳಖೇಡದ ಮಹಾರುದ್ರಪ್ಪನವರು ದನದ ಮೈ ನೋಡಿಯೇ ಅದರ ಜಾತಕ ಹೇಳುತ್ತಾರೆಂದು ಊರೆಲ್ಲ ನಂಬಿತ್ತು. ಆಕಳು ಕೊಳ್ಳುವಾಗ ಕಲ್ಯಾಣದ ಕಡೆಯವರೂ ಅವರನ್ನು ಕರೆಸುತ್ತಿದ್ದರು. ಹೆಂಡತಿ ಶಕುಂತಲಾಬಾಯಿ ಮಾತ್ರ ನಂಬಿರಲಿಲ್ಲ, ಯಾಕೆಂದರೆ ಆ ದನಗಳಿಗೆ ಮೇವು ಹಾಕುವವಳು ಅವಳು. ಗಂಡನ ಲೆಕ್ಕ ಬಲು ಸರಳ: ಉದ್ದ ಕಾಲು, ಬೆನ್ನಿಗೆ ಹತ್ತಿದ ಹೊಟ್ಟೆ ಇದ್ದರೆ ಕಡಿಮೆ ತಿನ್ನುವ ದನ, ಗಿಡ್ಡ ಕಾಲು, ದೊಡ್ಡ ಹೊಟ್ಟೆ ಇದ್ದರೆ ಮೇವೆಲ್ಲ ತಿಂದು ಮನೆ ತೊಳೆಯುವ ದನ.

ಅರವತ್ತೆಂಟರ ಬೇಸಿಗೆಯಲ್ಲಿ ಬಣವೆಯಲ್ಲಿದ್ದ ಜೋಳದ ಕಣಿಕೆ ಮಳೆಗಾಲದವರೆಗೆ ಒಂದೇ ಆಕಳಿಗೆ ಸಾಲುವಷ್ಟಿತ್ತು. ಇದ್ದವು ಎರಡು, ಎತ್ತರದ ಚಂದ್ರಿ ಮತ್ತು ಗಿಡ್ಡ ಕೆಂಪಿ. ಕೆಂಪಿಯನ್ನು ಹುಮನಾಬಾದ ಸಂತೆಗೆ ಹೊಡೆಯುವುದೆಂದು ಮಹಾರುದ್ರಪ್ಪ ತೀರ್ಮಾನಿಸಿಬಿಟ್ಟರು. ಕೆಂಪಿ ಶಕುಂತಲಾಬಾಯಿಯ ಕೈಯಲ್ಲೇ ಬೆಳೆದದ್ದು. ಹಾಕಿದ್ದರಲ್ಲಿ ಅರ್ಧ ಬಿಟ್ಟು ಮೆಲುಕು ಹಾಕುತ್ತ ಮಲಗುವುದು, ಹಾಲು ಮಾತ್ರ ತಂಬಿಗೆ ತುಂಬಾ ಕೊಡುವುದು. ಚಂದ್ರಿ ತಿಂದದ್ದು ಎಲ್ಲಿ ಹೋಗುತ್ತಿತ್ತೋ ಆ ಶಿವನಿಗೇ ಗೊತ್ತು.

ಅವಳು ಗಂಡನನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿ ಎರಡಕ್ಕೂ ಒಂದೊಂದು ಬುಟ್ಟಿ ಕಣಿಕೆ ಸುರಿದಳು. ಚಂದ್ರಿ ತನ್ನದನ್ನು ಮುಗಿಸಿ ಕೆಂಪಿ ಬಿಟ್ಟದ್ದಕ್ಕೂ ಬಾಯಿ ಹಾಕಿತು.

"ಈಗರ ಕಾಣ್ತೇನ್ರಿ?"

"ಕಾಣಾಕತ್ತದ. ಇಷ್ಟು ತಿಂದ್ರೂ ಚಂದ್ರಿ ಹೊಟ್ಟಿ ಮ್ಯಾಲ ಬಂದಿಲ್ಲ ನೋಡು. ಕೆಂಪಿಗಿ ತಿನ್ನದಿದ್ರೇ ಅಷ್ಟು ಹೊಟ್ಟಿ. ತಿಂದ್ರ ಹ್ಯಾಂಗ?"

ಇವರಿಗೆ ಹೇಳುವುದಕ್ಕಿಂತ ಗೋಡೆಗೆ ಹೇಳುವುದು ಮೇಲು ಅನ್ನಿಸಿ ಅವಳು ಹಣೆ ಚಚ್ಚಿಕೊಂಡಳು.

ಸಂತೆಯ ಹಿಂದಿನ ದಿನ ಮನ್ನಾಏಖೇಳ್ಳಿಯ ಸಂಗಪ್ಪ ಬಂದ. ಅವನ ಹೋಟೆಲಿಗೆ ಆಕಳು ಬೇಕಿತ್ತು. ಅಲ್ಲಿಯ ಮುಸುರೆಯಲ್ಲಿ ಎಂಥ ಹೊಟ್ಟೆಬಾಕ ದನವೂ ಬದುಕುತ್ತಿತ್ತು.

"ಯಾವುದು ಚಲೋ ಅದರಿ, ವೈನಿ?" ಎಂದ.

"ನನ್ನ ಯಾಕ ಕೇಳ್ತೀರಿ? ಅವರನ್ನ ಕೇಳ್ರಿ. ಚಂದ್ರಿಯಂಥದು ಈ ಸೀಮ್ಯಾಗ ಇಲ್ಲ ಅಂತಾರ."

ಮಹಾರುದ್ರಪ್ಪನವರಿಗೆ ಅಷ್ಟೇ ಸಾಕಾಯಿತು. ಚಂದ್ರಿಯ ಕೊಂಬಿನಿಂದ ಹೊಗಳಲು ಶುರು ಮಾಡಿದರು. ಶಕುಂತಲಾಬಾಯಿ ಎಲೆ ಅಡಿಕೆಯ ತಟ್ಟೆ ತಂದು ಸಂಗಪ್ಪನ ಮುಂದಿಟ್ಟಳು. ಕೊಳ್ಳುವವನು ಕೊಟ್ಟ ಎಲೆಯನ್ನು ಮಾರುವವನು ಬಾಯಿಗೆ ಹಾಕಿದರೆ ವ್ಯವಹಾರ ಮುಗಿದಂತೆ. ಆಮೇಲೆ ಮಾತು ತಿರುಗಿಸಿದರೆ ಮರ್ಯಾದೆ ಇಲ್ಲ. ಸಂಗಪ್ಪ ಎಲೆ ಮಡಿಸಿ ಕೈ ಚಾಚಿದ. ಮಹಾರುದ್ರಪ್ಪ ಹೊಗಳುತ್ತ ಬಾಲದ ತನಕ ಬಂದಿದ್ದರು. ನೋಡದೆಯೇ ಇಸಿದುಕೊಂಡು ಜಗಿದರು.

"ಹಂಗಾರ ಸಂತಿ ದರಕ್ಕ ಚಂದ್ರಿ ನಂದಾತ್ರಿ," ಎಂದ ಸಂಗಪ್ಪ.

ಜಗಿಯುವ ಬಾಯಿ ನಿಂತಿತು. ಶಕುಂತಲಾಬಾಯಿ ಸೆರಗಿನಲ್ಲಿ ನಗು ಮುಚ್ಚಿಕೊಂಡು ಒಳಗೆ ಹೋದಳು.

ಮೊದಲ ಮಳೆ ಬಿದ್ದಾಗ ಬಣವೆಯಲ್ಲಿ ಇನ್ನೂ ಕಣಿಕೆ ಉಳಿದಿತ್ತು. ಇವತ್ತಾದರೂ ಒಪ್ಪಿಕೊಳ್ಳುತ್ತಾರೆಂದು ಅವಳು ಗಂಡನನ್ನು ಕರೆದು ತೋರಿಸಿದಳು. ಅವರು ಕೆಂಪಿಯ ಹೊಟ್ಟೆ ಸವರುತ್ತ ಪಕ್ಕದ ಮನೆಯ ನಾಗನಾಥನನ್ನು ಕೂಗಿದರು.

"ಬಾ ಇಲ್ಲಿ, ಕಮ್ಮಿ ತಿನ್ನೋ ದನ ಹ್ಯಾಂಗ ಆರಿಸಬೇಕು ಹೇಳ್ತೀನಿ. ಗಿಡ್ಡ ಕಾಲು, ದೊಡ್ಡ ಹೊಟ್ಟಿ ನೋಡಬೇಕು. ಇಕಿ ಇದನ್ನ ಮಾರೂಣು ಅಂತ ನನ್ನ ಜೀವ ತಿಂದ್ಲು. ನಾನೇ ಬಿಡಲಿಲ್ಲ."

ಶಕುಂತಲಾಬಾಯಿ ಬುಟ್ಟಿ ಎತ್ತಿಕೊಂಡು ಮೇವು ಹಾಕಲು ಹೋದಳು.