ಹಾರ್ಲನ್‌ನ ಅಟ್ಟಣೆ

"ಕೈ ಎತ್ತು ನೋಡೋಣ," ಎಂದಳು ಲೋರೆಟಾ.

ಅಂಗಡಿಯ ಕನ್ನಡಿಯ ಮುಂದೆ ನಿಂತಿದ್ದ ಡ್ವೇನ್ ಗುರಿ ಹಿಡಿಯುವವನಂತೆ ಎರಡೂ ಕೈ ಎತ್ತಿದ. ಮೈಮೇಲಿನ ಹೊಸ ಜಾಕೆಟ್ಟು ಬರಬರ ಸದ್ದು ಮಾಡಿತು, ಒಣಗಿದ ಜೋಳದ ಗರಿಯ ಮೇಲೆ ಹಂದಿ ಹೊರಳಿದ ಹಾಗೆ.

"ಸರಿಹೋಯ್ತು. ಇನ್ನು ಜಿಂಕೆಗಳ ಮನೆಮನೆಗೆ ಹೋಗಿ ಬಾಗಿಲು ತಟ್ಟೋದೊಂದು ಬಾಕಿ."

ಮೈದುನ ಕೇಳಿಸಿಕೊಳ್ಳಲಿಲ್ಲ. ಐವತ್ತೆಂಟರ ಆಳು, ಬೇಟೆಗೆ ಹೊರಟ ರಾಜಕುಮಾರನ ಹಾಗೆ ಕನ್ನಡಿಯಲ್ಲಿ ತನ್ನನ್ನೇ ಅತ್ತ ಇತ್ತ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಕಥೆಗಳಲ್ಲಿ ರಾಜಕುಮಾರರಿಗೆ ಹೊಟ್ಟೆ ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ಜಾಕೆಟ್ಟಿಗೆ ಹದಿನಾಲ್ಕು ಜೇಬು, ಅದಕ್ಕೆ ಜೋಡಿಯಾಗಿ ಎದೆಯವರೆಗೆ ಬರುವ ದಪ್ಪ ಚಲ್ಲಣ. ಎರಡರದೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ, ಬೇರೆ ಬೇಟೆಗಾರರು ಜಿಂಕೆಯೆಂದು ಗುಂಡು ಹಾರಿಸದಿರಲೆಂದು.

"ಎಂಟು ಗಂಟೆ ಮಳೆಯಲ್ಲಿ ನಿಂತರೂ ಒಂದು ಹನಿ ಒಳಗೆ ಬರಲ್ಲ ಸಾರ್," ಎಂದ ಅಂಗಡಿಯವನು.

"ಒಳಗಿರೋ ಹನಿ ಹೊರಗೆ ಹೋಗುತ್ತೇನಪ್ಪಾ?" ಎಂದು ಲೋರೆಟಾ ಕೇಳಿದಳು. ಅವನು ಬೂಟಿನ ದಾರಗಳನ್ನು ಜೋಡಿಸಲು ಹೋದ.

ಡ್ವೇನ್ ನಕ್ಕ. "ಅತ್ತಿಗೆ, ನೀವೂ ಒಂದು ತಗೊಳ್ಳಿ. ಒಂಬತ್ತು ಗಂಟೆಗೆ ಇಳಿದು ಓಡಿ ಬರುವಾಗ ನೆನೆಯದೇ ಬರಬಹುದು."

ಇಳಿಯುವ ಮಾತು ಸುಮ್ಮನೆ ಬಂದದ್ದಲ್ಲ. ಡ್ವೇನ್ ಮನೆತನದ ಬೇಟೆಯ ಬಿಡಾರದಲ್ಲಿ ಅಜ್ಜನ ಕಾಲದ ಕಟ್ಟಳೆಯೊಂದಿತ್ತು. ಯಜಮಾನ ಸತ್ತು ಖಾಲಿಯಾದ, ಮರಕ್ಕೆ ಕಟ್ಟಿದ ಬೇಟೆಯ ಅಟ್ಟಣೆಯನ್ನು ಬೇಕೆಂದು ಕೇಳುವವರು ಬೇಟೆಯ ಮೊದಲ ದಿನ ಬೆಳಕು ಹರಿಯುವ ಮುಂಚೆ ಹತ್ತಬೇಕು, ಮಧ್ಯಾಹ್ನ ಹನ್ನೆರಡರ ತನಕ ಇಳಿಯಬಾರದು. ಕೂತರೆ ಅಟ್ಟಣೆ ಅವರದು, ಇಳಿದರೆ ಕೇಳಿದ ಮುಂದಿನವರದು. ಲೋರೆಟಾಳ ಗಂಡ ಹಾರ್ಲನ್ ಏಪ್ರಿಲ್‌ನಲ್ಲಿ ತೀರಿಕೊಂಡ. ಅವನ ಅಟ್ಟಣೆ ಸೀಡರ್ ಮರಗಳ ಜೌಗಿನ ಅಂಚಿನಲ್ಲಿದೆ, ದೊಡ್ಡ ಕೊಂಬಿನ ಗಂಡು ಜಿಂಕೆಗಳು ದಾಟುವ ಜಾಗ. ತಮ್ಮ ಡ್ವೇನ್ ಶವಸಂಸ್ಕಾರದ ಊಟದಲ್ಲೇ, ಬಾಯಲ್ಲಿ ಹ್ಯಾಮ್ ಇಟ್ಟುಕೊಂಡೇ ಅದನ್ನು ಕೇಳಿದ್ದ. ಲೋರೆಟಾ ಅವನಿಗಿಂತ ಮೊದಲೇ ಕೇಳಿಯಾಗಿತ್ತು.

ಅವಳಿಗೆ ಕೊಂಬು ಬೇಕಿರಲಿಲ್ಲ. ಮೂವತ್ತಮೂರು ನವೆಂಬರ್ ಅವಳು ಈ ಗಂಡಸರಿಗೆ ಬೀನ್ಸ್ ಕಾಳು ಬೇಯಿಸಿ ಕಳಿಸಿದ್ದಳು, ಅವರ ಬಟ್ಟೆಯ ರಕ್ತ ಒಗೆದಿದ್ದಳು, ಹರಿದ ಮೊಣಕಾಲಿಗೆ ತೇಪೆ ಹಾಕಿದ್ದಳು. ಬಿಡಾರದ ಹೊಸಿಲು ತುಳಿದಿರಲಿಲ್ಲ. ಹಾರ್ಲನ್ ಮಾತ್ರ ಪ್ರತಿ ವರ್ಷ ಅಲ್ಲಿಂದ ಬೇರೆಯೇ ಮನುಷ್ಯನಾಗಿ ಬರುತ್ತಿದ್ದ. ಒಂದೆರಡು ವಾರ ದನಿ ಏರಿಸುತ್ತಿರಲಿಲ್ಲ, ಕಿಟಕಿಯಾಚೆ ನೋಡುತ್ತ ಕಾಫಿ ಆರಿಸಿಕೊಳ್ಳುತ್ತಿದ್ದ. ಏನು ಕಂಡೆ ಎಂದರೆ, "ಏನಿಲ್ಲ, ಕೂತಿದ್ದೆ," ಎನ್ನುತ್ತಿದ್ದ. ಆ 'ಏನಿಲ್ಲ' ಎಂಬುದು ಏನೆಂದು ಅವಳಿಗೆ ನೋಡಬೇಕಿತ್ತು.

ಬೇಟೆಯ ಮೊದಲ ದಿನ, ಶನಿವಾರ ಬೆಳಿಗ್ಗೆ, ಹಿಮ ಬೀಳಬೇಕಾದ ಕಡೆ ಮಳೆ ಬೀಳುತ್ತಿತ್ತು. ಬೀಳುವಾಗ ನೀರು, ಕೊಂಬೆ ಮುಟ್ಟಿದರೆ ಗಾಜು. ಡ್ವೇನ್ ಬಿಡಾರದ ಒಲೆಯ ಪಕ್ಕದಲ್ಲೇ ಹೊಸ ಬಟ್ಟೆ ಪೂರ್ತಿ ಏರಿಸಿ, ಕತ್ತಿನವರೆಗೆ ಜಿಪ್ಪು ಎಳೆದುಕೊಂಡು, ಬ್ರಾಂದಿಯ ಚಪ್ಪಟೆ ಸೀಸೆಯನ್ನು ಹದಿನಾಲ್ಕರಲ್ಲಿ ಒಂದು ಜೇಬಿಗೆ ಸೇರಿಸಿದ. ಅವನದೇ ಅಟ್ಟಣೆ ಜೌಗಿನ ಆಚೆ, ಒಂದೂವರೆ ಮೈಲಿ, ದಾರಿಯೆಲ್ಲ ಬಿದ್ದ ಮರಗಳು.

ಲೋರೆಟಾ ತೆಳು ಉಣ್ಣೆಯ ಒಳಬಟ್ಟೆ, ಮೇಲೊಂದು ಹಳೆಯ ಅಂಗಿ, ಮಳೆ ಕೋಟು, ಕಿತ್ತಳೆ ಬಣ್ಣದ ತೋಳಿಲ್ಲದ ಕವಚ, ಇಷ್ಟರಲ್ಲೇ ಹೊರಬಿದ್ದಳು. ಉಳಿದದ್ದೆಲ್ಲ ನೀರು ಹೊಗದ ಚೀಲದಲ್ಲಿ ಬೆನ್ನ ಮೇಲಿತ್ತು.

"ನಡುಗ್ತಾ ಇದೀರಿ ಅತ್ತಿಗೆ," ಎಂದ ಡ್ವೇನ್.

"ನಡೆಯೋವಾಗ ಚಳಿಯಾಗಬೇಕು ಕಣೋ. ನಿಮ್ಮಣ್ಣ ಹೇಳ್ಕೊಡ್ಲಿಲ್ವಾ?"

"ಅಣ್ಣ ಬಡವ. ಜಾಕೆಟ್ಟು ಇರಲಿಲ್ಲ, ಬುದ್ಧಿಮಾತಿತ್ತು."

ಅಟ್ಟಣೆ ಹತ್ತಿ, ಖಾಲಿ ಬಂದೂಕನ್ನು ಹಗ್ಗದಲ್ಲಿ ಮೇಲಕ್ಕೆ ಸೇದಿಕೊಂಡು, ಮೈಯ ಬಿಸಿ ಆರುವ ತನಕ ಅವಳು ಸುಮ್ಮನೆ ಕೂತಳು. ಆಮೇಲೆ ಒಂದೊಂದಾಗಿ ತೊಟ್ಟಳು. ಹಾರ್ಲನ್‌ನ ದಪ್ಪ ಉಣ್ಣೆಯಂಗಿ. ಅದರ ಮೇಲೆ ಮಳೆ ಕೋಟು. ಕೋಟಿನ ಮೇಲೆ ಮತ್ತೆ ಉಣ್ಣೆಯದೇ ಅಗಲ ಜಾಕೆಟ್ಟು. ನೀರು ತಡೆಯುವುದು ಒಳಗಿದ್ದು ಮೃದುವಾದದ್ದು ಹೊರಗಿದ್ದರೆ ಕೊಂಬೆ ತಾಗಿದರೂ ಸದ್ದಿಲ್ಲ. ಹೊರಗಿನ ಉಣ್ಣೆ ನೆನೆದರೆ ನೆನೆಯಲಿ, ಒಳಗಿನದು ಬೆಚ್ಚಗಿರುತ್ತದೆ. ಇದನ್ನು ಯಾವ ಅಂಗಡಿಯವನೂ ಹೇಳಿರಲಿಲ್ಲ. ಮೂವತ್ತಮೂರು ವರ್ಷ ಬಟ್ಟೆ ಒಣಹಾಕಿದವಳಿಗೆ ಯಾವುದು ಎಲ್ಲಿ ನೆನೆದು ಬರುತ್ತದೆಂದು ಗೊತ್ತಿರುವುದಿಲ್ಲವೇ? ಆ ಗಂಡಸರ ಬಟ್ಟೆಗಳು ಅವರಿಗಿಂತ ಬುದ್ಧಿಯಿಂದ ಅವಳೊಡನೆ ಮಾತಾಡಿದ್ದವು.

ಬೆಳಕು ಕೆಳಗಿನಿಂದ ಬಂತು, ಜೌಗಿನ ನೀರಿನೊಳಗಿಂದ ಎದ್ದು ಬಂದ ಹಾಗೆ. ಎಂಟರ ಹೊತ್ತಿಗೆ ಹೆಣ್ಣು ಜಿಂಕೆಯೊಂದು ಅವಳ ಬೂಟುಗಳ ಕೆಳಗೇ ನಿಂತು ಕಿವಿ ಒದರಿ, ನೀರು ಚಿಮುಕಿಸಿ, ಮುಂದೆ ಹೋಯಿತು. ಅವಳು ಬಂದೂಕು ಎತ್ತಲಿಲ್ಲ. ಹತ್ತು ಗಂಟೆಗೆ ಜೌಗಿನ ಮೇಲೆ ಮಳೆ ಒಂದು ಕಡೆ ನಿಂತು ಇನ್ನೊಂದು ಕಡೆ ಬೀಳುತ್ತಿತ್ತು. ಏನಿಲ್ಲ. ಇದ್ದದ್ದು ಅಷ್ಟೇ. ಅವಳು ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಂಡಳು, ಕುಡಿಯುವುದನ್ನು ಮರೆತಳು.

ಹನ್ನೊಂದು ದಾಟಿರಬೇಕು, ಬರಬರ ಸದ್ದು ದೂರದಿಂದಲೇ ಕೇಳಿಸಿತು.

ಡ್ವೇನ್ ಏಣಿಯ ಬುಡದಲ್ಲಿ ಬಂದು ನಿಂತ. ಬಂದೂಕು ಎಲ್ಲೋ ಬಿಟ್ಟಿದ್ದ. ಮುಖ ಸುಣ್ಣ.

"ಬೇಗ ಸುಸ್ತಾದೆಯೇನೋ ರಾಜಕುಮಾರಾ?" ಎಂದಳು ಮೇಲಿನಿಂದ.

"ಅಣ್ಣಾ," ಎಂದ ಅವನು. "ಅಣ್ಣಾ, ಜಿಪ್ಪು ಬರ್ತಿಲ್ಲ ಕಣೋ."

ಅವಳು ಬಗ್ಗಿ ನೋಡಿದಳು. ಅವನು ಮಾತಾಡುತ್ತಿದ್ದದ್ದು ಸತ್ತ ಹಾರ್ಲನ್‌ನೊಡನೆ. ಬೆಳಗಿನ ನಡಿಗೆಯಲ್ಲಿ ಸುರಿದ ಬೆವರು ಆ ಚೀಲದಂಥ ಜಾಕೆಟ್ಟಿನೊಳಗೆ ಹೊರಹೋಗಲು ದಾರಿಯಿಲ್ಲದೆ ಐದು ಗಂಟೆ ತಣ್ಣಗಾಗಿತ್ತು, ಅದರ ಮೇಲೆ ಬ್ರಾಂದಿ. ಅವನ ಬೆರಳುಗಳು ಎದೆಯ ಮೇಲೆ ಸುಮ್ಮನೆ ತಡಕುತ್ತಿದ್ದವು, ಆದರೆ ನಡುಕ ನಿಂತುಹೋಗಿತ್ತು. ನಡುಕ ನಿಂತರೆ ಚಳಿ ಜೀವಕ್ಕೇ ಕೈ ಹಾಕಿದೆಯೆಂದು ಆ ಸೀಮೆಯಲ್ಲಿ ಎಳೆಮಕ್ಕಳಿಗೂ ಗೊತ್ತು.

ಗಡಿಯಾರ ನೋಡಿದಳು. ಹನ್ನೊಂದೂ ಇಪ್ಪತ್ತು.

"ದರಿದ್ರದವನೇ," ಎಂದಳು. "ನಲವತ್ತು ನಿಮಿಷ ತಡಕೊಳ್ಳೋಕಾಗ್ಲಿಲ್ವಾ ನಿಂಗೆ?"

ಗುಂಡು ತೆಗೆದು ಬಂದೂಕನ್ನು ಹಗ್ಗದಲ್ಲಿ ಇಳಿಬಿಟ್ಟಳು. ಆಮೇಲೆ ತಾನೂ ಇಳಿದಳು. ಬೈಯುತ್ತಲೇ ಅವನ ಜಿಪ್ಪು ಎಳೆದಳು, ಒದ್ದೆ ಬನಿಯನನ್ನು ಚರ್ಮ ಸುಲಿದ ಹಾಗೆ ಸುಲಿದಳು, ತನ್ನ ಮೈಯ ಬಿಸಿಯಿದ್ದ ಹಾರ್ಲನ್‌ನ ಅಂಗಿ ತೊಡಿಸಿದಳು, ಮೇಲೆ ಮಳೆ ಕೋಟು ಹೊದಿಸಿದಳು, ಫ್ಲಾಸ್ಕಿನಲ್ಲಿ ಉಳಿದಿದ್ದ ಕಾಫಿ ಕುಡಿಸಿದಳು. ಅವನ ಕಿತ್ತಳೆ ಜಾಕೆಟ್ಟನ್ನು ಬಂದೂಕಿನ ಜೊತೆ ಮರದ ಬುಡದಲ್ಲಿಟ್ಟು, ನೆನೆದ ಉಣ್ಣೆಯಲ್ಲಿ ತಾನು ನಡುಗುತ್ತ, ಬಿಡಾರದವರೆಗೆ ಒಂದು ಮೈಲಿ ಅವನನ್ನು ತಳ್ಳಿಕೊಂಡು ಬಂದಳು. ಅರ್ಧ ದಾರಿಯಲ್ಲಿ ಅವನು ನಡುಗತೊಡಗಿದ. ಮುಕ್ಕಾಲು ದಾರಿಯಲ್ಲಿ ಅವಳನ್ನು ಅತ್ತಿಗೆ ಎಂದು ಕರೆದ.

ಒಂದೂವರೆಗೆ ಎಲ್ಲರೂ ಊಟಕ್ಕೆ ಕೂತರು. ಮೇಜಿನ ತುದಿಯಲ್ಲಿ ಬಿಡಾರದ ಹಿರಿಯ, ಎಂಬತ್ತನಾಲ್ಕರ ಟಾರ್ವಾಲ್ಡ್, ಅಣ್ಣತಮ್ಮಂದಿರ ದೊಡ್ಡಪ್ಪ. ಪಕ್ಕದಲ್ಲಿ ಅವನ ಇಬ್ಬರು ಮಕ್ಕಳು. ಡ್ವೇನ್‌ನ ಕೆನ್ನೆಗೆ ಬಣ್ಣ ಬಂದಿತ್ತು. ಎರಡನೇ ಸಲ ಬೀನ್ಸ್ ಬಡಿಸಿಕೊಂಡವನು ಗಂಟಲು ಸರಿಮಾಡಿಕೊಂಡ.

"ಹೇಳಬಾರದು, ಆದ್ರೂ ಕಟ್ಟಳೆ ಕಟ್ಟಳೆಯೇ. ಅತ್ತಿಗೆ ಹನ್ನೊಂದೂ ಇಪ್ಪತ್ತಕ್ಕೆ ಇಳಿದರು."

ಟಾರ್ವಾಲ್ಡ್ ಚಮಚ ಕೆಳಗಿಟ್ಟ.

"ನೀನು ನೋಡಿದೆಯಾ?" ಎಂದ ಟಾರ್ವಾಲ್ಡ್.

"ಕಣ್ಣಾರೆ."

"ಎಲ್ಲಿಂದ?"

"ಅಲ್ಲೇ... ಕೆಳಗಿದ್ದೆ."

"ನಿನ್ನ ಅಟ್ಟಣೆಯಿಂದ ಯಾವಾಗ ಇಳಿದಿದ್ದೆ?"

"ನನ್ನದು ನನ್ನದೇ ದೊಡ್ಡಪ್ಪ. ಅದಕ್ಕೆ ಕಟ್ಟಳೆ ಇಲ್ಲ."

"ಅವನು ಸುಳ್ಳು ಹೇಳಿಲ್ಲ," ಎಂದಳು ಲೋರೆಟಾ. "ಇಳಿದೆ. ಈಗ ಅಂಗಿ ಬಿಚ್ಚು."

"ಏನು?"

"ಮೈಮೇಲಿರೋದು. ಹಾರ್ಲನ್‌ದು."

"ಊಟ ಮಾಡ್ತಾ ಇದೀನಿ ಅತ್ತಿಗೆ."

"ನಾನು ಮಾಡಿದ ಬೀನ್ಸ್ ಕಣೋ ಅದು. ತಿನ್ನು, ಬೇಡ ಅನ್ನಲ್ಲ. ಅಂಗಿ ಬಿಚ್ಚಿ ತಿನ್ನು."

ಡ್ವೇನ್ ಸುತ್ತ ನೋಡಿದ. ದಾಯಾದಿಗಳಿಬ್ಬರೂ ತಟ್ಟೆಯಲ್ಲಿ ಏನನ್ನೋ ಹುಡುಕುತ್ತಿದ್ದರು. ಅವನು ಒಂದೊಂದೇ ಗುಂಡಿ ಬಿಚ್ಚಿದ, ಏಳು ಗುಂಡಿ. ಕೊನೆಗೆ ರೋಮವಿಲ್ಲದ ಬಿಳಿ ಹೊಟ್ಟೆ ಮೇಜಿನ ಅಂಚಿಗೆ ಬಂದು ಕೂತಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಬದುಕಲು ಸುಲಭವಾಗುತ್ತಿತ್ತೇನೋ.

ಟಾರ್ವಾಲ್ಡ್ ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸಿ ಬಾಯಿಗೆ ಹಾಕಿಕೊಂಡ. ಬೆಳಗಿನ ಜಾವ ಎಲ್ಲರನ್ನೂ ಎಬ್ಬಿಸುವವನು ಅವನೇ. ಅಟ್ಟಣೆ ಇಲ್ಲದವರನ್ನು ಎಬ್ಬಿಸುವ ಪದ್ಧತಿ ಅವನಿಗಿರಲಿಲ್ಲ.

"ಲೋರೆಟಾ," ಎಂದ, ನಿಧಾನವಾಗಿ ಅಗಿಯುತ್ತ. "ನಾಳೆ ಎಷ್ಟು ಹೊತ್ತಿಗೆ ಎಬ್ಬಿಸಲಮ್ಮ?"

"ನಾಲ್ಕೂವರೆಗೆ."

"ದೊಡ್ಡಪ್ಪಾ..." ಎಂದ ಡ್ವೇನ್.

"ಸ್ವಲ್ಪ ಒಲೆಯ ಹತ್ತಿರ ಕೂರೋ," ಎಂದ ಟಾರ್ವಾಲ್ಡ್. "ನೆಗಡಿಯಾದೀತು."

ಲೋರೆಟಾ ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆ ತಂದಳು. ಬ್ರಾಂದಿ, ಬೆವರು, ಬೀನ್ಸ್, ಎಲ್ಲ ಸೇರಿ ನಾರುತ್ತಿತ್ತು. ಜಿಂಕೆಯ ಮೂಗಿಗೆ ಸಿಗದ ಹಾಗೆ ಬೆಳಗಿನೊಳಗೆ ಆ ವಾಸನೆ ಹೋಗಬೇಕು. ಮಳೆ ಅಷ್ಟರಲ್ಲಿ ಹಿಮವಾಗಿತ್ತು. ಮಾಡಿನ ಅಂಚಿನ ಹಗ್ಗದ ಮೇಲೆ ಅಂಗಿ ಹರವಿ, ತೋಳುಗಳನ್ನು ಎಳೆದು ನೇರ ಮಾಡಿದಳು. ಗಾಳಿ ಒಮ್ಮೆ ಅದನ್ನು ಉಬ್ಬಿಸಿ ಬಿಟ್ಟಿತು. ಹಿಮದ ಹಳುಕುಗಳು ಬಂದು ಅದರ ಭುಜದ ಮೇಲೆ ಕೂತವು, ಕರಗದೆ, ಒಂದರ ಮೇಲೊಂದು.