ಸುಂಕಪ್ಪನ ಸಿಗಡಿ

ಗಬ್ಬೂರಿನ ಬಸ್ ನಿಲ್ದಾಣದ ಎದುರು ಹದಿನಾಲ್ಕು ವರ್ಷ ಸಿಗಡಿ ಒಲೆಯ ಕೆಂಡದ ಮೇಲೆ ಕೋಳಿ ಸುಟ್ಟ ಸುಂಕಪ್ಪನಿಗೆ ಮುಂಗಾರಿನ ಮೊದಲ ವಾರವೇ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು, ಮಾತು ನಿಂತಿತು. ರಾಯಚೂರಿನ ಆಸ್ಪತ್ರೆಯಲ್ಲಿ ಆರನೆಯ ದಿನ ಅವನ ಬಾಯಿಂದ ಹೊರಟ ಮೊದಲ ಮಾತು ಹೆಂಡತಿ ಮಾರೆಮ್ಮನ ಹೆಸರಾಗಿರಲಿಲ್ಲ.

"ಸಿಗಡಿ... ಮುಚ್ಚು."

ಮಾರೆಮ್ಮನಿಗೆ ಅಷ್ಟೇ ಸಾಕಾಯಿತು. ಮಾತು ಬಂತು, ಇನ್ನು ಕೈಯೂ ಬಂದೀತು. ತನ್ನ ತಂಗಿ ನಾಗವೇಣಿಯನ್ನು ಅವನ ಪಕ್ಕ ಕೂರಿಸಿ ಊರಿನ ಬಸ್ಸು ಹತ್ತಿದಳು. ನಾಲ್ಕು ಅಡಿ ಉದ್ದದ ಆ ಕಬ್ಬಿಣದ ಸಿಗಡಿ ಮನೆಯ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ, ಅಂಗಳದಲ್ಲೇ ಇರುತ್ತಿತ್ತು. ಅದನ್ನು ಒರೆಸುವುದು, ಹೊದಿಸುವುದು ಸುಂಕಪ್ಪನದೇ ಕೆಲಸ, ಬೇರೆಯವರ ಕೈ ತಾಗಗೊಡುತ್ತಿರಲಿಲ್ಲ. ಅವಳು ಮನೆಯಲ್ಲಿದ್ದ ಒಂದೇ ತಾಡಪತ್ರಿಯನ್ನು ನೆಲದ ತನಕ ಎಳೆದು, ಗಾಳಿಯೂ ನುಸುಳದಂತೆ ಹಗ್ಗ ಬಿಗಿದು ಆಸ್ಪತ್ರೆಗೆ ಮರಳಿದಳು.

ಹನ್ನೆರಡು ದಿನ ಮಳೆ ಬಿಡಲಿಲ್ಲ. ಮತ್ತೆ ಬಂದು ಬಿಚ್ಚಿದರೆ ತಾಡಪತ್ರಿಯ ಒಳಮೈ ಬೆವರಿ ಹನಿಯುತ್ತಿತ್ತು. ಸರಳುಗಳಿಗೆಲ್ಲ ಕೆಂಪು ತುಕ್ಕು. ಒಳಗೆ ಉಳಿದಿದ್ದ ಬೂದಿ ನೀರು ಕುಡಿದು ತಳಕ್ಕೆ ಗಟ್ಟಿಯಾಗಿ ಅಂಟಿತ್ತು. ಅದನ್ನು ಕೆರೆದು ಚೆಲ್ಲಿ, ಇಟ್ಟಂಗಿ ಚೂರಿನಿಂದ ಮಧ್ಯಾಹ್ನದವರೆಗೆ ತಿಕ್ಕಿ, ಶೇಂಗಾ ಎಣ್ಣೆ ಸವರಿದಳು. ಕಾಲಡಿ ಇಟ್ಟಂಗಿ ಕೊಟ್ಟು ಎತ್ತರಿಸಿ, ಈ ಸಲ ಕೆಳಗೆ ಗಾಳಿಗೆ ಜಾಗ ಬಿಟ್ಟು ಹೊದಿಸಿದಳು. ತಳ ಮಾತ್ರ ಮುಟ್ಟಿದರೆ ಪದರು ಪದರಾಗಿ ಉದುರುತ್ತಿತ್ತು.

"ಹ್ಯಾಂಗದ?" ಎಂದು ಆಸ್ಪತ್ರೆಯಲ್ಲಿ ಅವನು ತೊದಲಿದಾಗ, "ಚಂದ ಅದರೀ. ನೀವು ಬಂದು ಕೆಂಡ ಹಾಕೂದೊಂದ ಬಾಕಿ" ಎಂದಳು.

ಶ್ರಾವಣದಲ್ಲಿ ಅವನನ್ನು ಮನೆಗೆ ಕರೆತಂದರು. ಅಂಗಳದಲ್ಲಿ ಕುರ್ಚಿಯ ಮೇಲೆ ಕೂತವನು ಎಡಗೈ ಚಾಚಿ ಸಿಗಡಿಯ ತಳ ಒತ್ತಿದ. ತಳ ತೂತಾಗಿ ಹೆಬ್ಬೆರಳು ಆಚೆ ಬಂತು.

"ಮುಚ್ಚೂಕಿಂತ ಮೊದ್ಲ ಬೂದಿ ತಗೀಬೇಕಿತ್ತು."

"ನನಗೇನ್ ಗೊತ್ತರೀ? ಒಂದಿನಾನರ ಕಲಿಸೀರೇನು?" ಅಂದುಬಿಟ್ಟವಳು ತಕ್ಷಣ ದನಿ ತಗ್ಗಿಸಿದಳು. "ಬೆಸಿಗಿ ಹಾಕಸೂಣು. ಮಾಳಿಂಗಪ್ಪನ ಕರೀತೀನಿ."

ವೆಲ್ಡಿಂಗ್ ಮಾಡುವ ಮಾಳಿಂಗಪ್ಪ ಬಂದು ತಳವನ್ನು ಬೆರಳಿಂದ ತಟ್ಟಿ ನೋಡಿದ. "ಎಲ್ಲಿಗೆ ಹಿಡಿಸ್ಲಿ ಯವ್ವಾ? ಬೆಸಿಗಿ ಕೂಡಾಕ ಕಬ್ಬಿಣನ ಉಳದಿಲ್ಲ."

ಆದರೂ ಸುಂಕಪ್ಪ ಮೋಡ ಕಂಡಾಗಲೆಲ್ಲ "ಮುಚ್ಚು" ಎನ್ನುತ್ತಿದ್ದ. ಅವಳು ಮುಚ್ಚುತ್ತಿದ್ದಳು.

ಒಂದು ಮಧ್ಯಾಹ್ನ ದೇವದುರ್ಗದ ಕಡೆಯಿಂದ ಕಪ್ಪಾಗಿ ಎದ್ದ ಮಳೆ ಒಮ್ಮೆಲೇ ಸುರಿಯಿತು. ಅವನ ಮಂಚದ ಮೇಲಿನ ತಗಡು ಸೋರಿ ಎದೆಯ ಮೇಲಿನ ಚಾದರ ನೆನೆಯತೊಡಗಿತು. ಮಾರೆಮ್ಮ ಅಂಗಳಕ್ಕೆ ಓಡಿ ಸಿಗಡಿಯ ಹಗ್ಗ ಬಿಚ್ಚಿದಳು.

"ಬ್ಯಾಡ," ಒಳಗಿಂದ ಅವನು ಕೂಗಿದ. "ಲೇ ಮಾರೀ, ಬ್ಯಾಡ!"

ಅವಳು ಏಣಿ ಹತ್ತಿ ತಾಡಪತ್ರಿಯನ್ನು ತಗಡಿನ ಮೇಲೆ ಹಾಸಿ ಕಲ್ಲು ಹೇರಿದಳು. ತೊಯ್ದು ತೊಪ್ಪೆಯಾಗಿ ಒಳಬಂದಾಗ ಸೋರುವುದು ನಿಂತಿತ್ತು. ಬರಿಮೈ ಸರಳುಗಳ ಮೇಲೆ ಮಳೆ ಬಡಿಯುವ ಸದ್ದು ಹೊರಗಿಂದ ಕೇಳುತ್ತಿತ್ತು. ಸುಂಕಪ್ಪ ಗೋಡೆಗೆ ಮುಖ ತಿರುಗಿಸಿದ.

ಅವಳು ಮಂಚದ ತುದಿಗೆ ಕೂತು, ನರ್ಸಮ್ಮ ಕಲಿಸಿದಂತೆ ಅವನ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.

"ಬಿಡು, ಸಾಕು," ಎಂದ ಅವನು.

ಅವಳು ಬಿಡಿಸುವುದನ್ನು ನಿಲ್ಲಿಸಿದಳು. ಆ ತಣ್ಣನೆಯ ಕೈಯನ್ನು ಮಾತ್ರ ತೊಡೆಯ ಮೇಲೆ ಹಾಗೇ ಇಟ್ಟುಕೊಂಡು ಕೂತಳು.